ತೊಗರಿ ಸೀಸನ್ ಮುಗದ್ರೂ ನನ್ನ ಗಡಿಬಿಡಿ ಮುಗಿವಲ್ದು, ಏನ್ ಮಾಡ್ಲಿ?

ಗಂಜ್ ಮುನೀಮ, ಕಲಬುರಗಿ

ಶರಣ್ರಿ ಎಲ್ಲರಿಗೂ. ನಾ ನೆಹರೂ ಗಂಜಿನಾಗ, ಅಂದ್ರ ಇಲ್ಲಿನ ಕಾಳಿನ ಮಾರ್ಕೆಟ್ಟಿನಾಗ, ಒಂದು ಅಡತ್ (ಕಮಿಷನ್) ಅಂಗಡಿ ಲೆಕ್ಕ ಬರಿಯಾವ. ತಲಿ ಅರ್ಧ ಬೆಳ್ಳಗಾಗ್ಯಾದ, ಇನ್ನೂ ಅದೇ ಗಾದಿ, ಅದೇ ಖಾತೆ ಪುಸ್ತಕ. ಮಗ್ಗಲಿಗೊಂದು ಕಂಪ್ಯೂಟರ್ ಬಂದದ ಅಷ್ಟೇ.

ನಮ್ಮ ದಂಧೆ ಹೆಂಗಂದ್ರ, ಡಿಸೆಂಬರ್ ಹಿಡದು ಫೆಬ್ರವರಿ ತನಕ ತೊಗರಿ ಒತ್ತಿ ಬರ್ತದ. ನಸುಕಿನಾಗೇ ಟ್ರ್ಯಾಕ್ಟರ್, ಟಂಟಂ ಸಾಲು ಹಚ್ಚಿರ್ತಾವ. ಚೀಲ ಇಳಸಬೇಕು, ಲಾಟ್ ನಂಬರ್ ಹಾಕಬೇಕು, ಟೆಂಡರ್ ಟೈಮ್ ಮುಗಿಯೋದ್ರಾಗ ಎಲ್ಲಾ ಕಂಪ್ಯೂಟರಿಗೆ ಏರಸಬೇಕು. ರೇಟ್ ಬಿದ್ದ ಮ್ಯಾಲೆ ರೈತ ಒಪ್ಪಿದ್ರ ತೂಕ, ಒಪ್ಪಲಿಲ್ಲಂದ್ರ ಅವನ ಮುಂದ ಕುಂತು ಚಾ ಕುಡಸಿ ಮಾತು. ಹಮಾಲರ ಲೆಕ್ಕ, ತೂಕದ ಚೀಟಿ, ರೈತನ ಪಟ್ಟಿ. ಆ ದಿನದಾಗ ಓಡೋದಕ್ಕ ನನಗ ಬ್ಯಾಸರ ಇಲ್ಲ. ನಾ ಓಡಲಿಲ್ಲಂದ್ರ ಯಾವನೋ ಒಬ್ಬ ರೈತ ಆ ರಾತ್ರಿ ಚಳ್ಯಾಗ ಚೀಲದ ಮ್ಯಾಲೇ ಮಲಗಬೇಕಾಗ್ತದ.

ನನ್ನ ಪ್ರಶ್ನೆ ಇರೋದು ಈ ಮೇ ತಿಂಗಳದ್ದು. ಈಗ ಗಂಜ್ ಖಾಲಿ. ಕಟ್ಟಿ ಮ್ಯಾಲೆ ನಾಯಿ ಮಲಗ್ಯಾವ. ಮಧ್ಯಾಹ್ನ ಅಂಗಡಿಗೆ ಯಾರೂ ಹಾಯಂಗಿಲ್ಲ. ಆದ್ರ ಒಳಗಿನ ಓಟ ನಿಂತಿಲ್ಲ. ಊಟಕ್ಕ ಕುಂತ್ರ ತಾಟು ಬರ್ತದ, ಖಾಲಿ ಆಗ್ತದ; ಪುಂಡಿ ಪಲ್ಯ ಇತ್ತೋ ಬದನಿಕಾಯಿ ಇತ್ತೋ ಅಂತ ಆಮ್ಯಾಲೆ ಕೇಳಿದ್ರ ಹೇಳ್ಲಿಕ್ಕಾಗಲ್ಲ. ಜಗತ್ ಸರ್ಕಲ್ಲಿನಾಗ ಗಾಡಿ ನಿಂತ್ರ ಕೈ ಸುಮ್ಮನೆ ಎಕ್ಸಲೇಟರ್ ತಿರುವುತಿರ್ತದ. ಸೋಮವಾರ ಶರಣಬಸಪ್ಪನ ಗುಡಿಗೆ ಹೋಗ್ತೀನಿ, ಪಾಳ್ಯಾಗ ನಿಂತು ಲಾತೂರಿನ ತೊಗರಿ ರೇಟ್ ನೋಡ್ತೀನಿ. ಖರೀದಿ ಇಲ್ಲ, ಮಾರಾಟ ಇಲ್ಲ, ರೇಟ್ ಯಾತಕ್ಕ ಬೇಕು? ಆದ್ರೂ ನೋಡ್ತೀನಿ.

ಪುಣೆದಾಗಿರೋ ಮಗಳು ಫೋನಿನಾಗ ಒಂದು ಧ್ಯಾನದ ಆ್ಯಪ್ ಹಾಕಿ ಕೊಟ್ಟಾಳ. ಅದರಾಗ ಒಬ್ಬಾಕಿ ಮೆತ್ತಗ ಹೇಳ್ತಾಳ: ಕಣ್ಣು ಮುಚ್ಚಿ, ಹಸಿರು ಗುಡ್ಡ, ಮಂಜು, ಸಣ್ಣಗ ಮಳಿ ಬೀಳ್ಲತ್ತದ ಅಂತ ನೆನಸಕೋರಿ. ಇಲ್ಲಿ ಹೊರಗ 43 ಡಿಗ್ರಿ. ಕರೆಂಟ್ ಹೋಗಿ ಕೂಲರ್ ನಿಂತದ. ಬೆನ್ನ ಮ್ಯಾಲೆ ಬೆವರು ಹರೀಲತ್ತದ. ಯಾವ ಮಳಿ ತಾಯಿ?

ಬಿ.ಪಿ., ಶುಗರ್ ತೋರಿಸೀನಿ, ಸದ್ಯ ಏನಿಲ್ಲ ಅಂದಾರ. ನೌಕರಿ ಬಿಡಂಗಿಲ್ಲ, ಊರು ಬಿಡಂಗಿಲ್ಲ. ಮುಂಜಾನಿ ನಾಕಕ್ಕ ಏಳ್ರಿ ಅಂತೂ ಅನ್ನಲೇಬ್ಯಾಡ್ರಿ. ಈ ಬಿಸಿಲಾಗ, ಇದ್ದ ಮನ್ಯಾಗ ಇದ್ಕೊಂಡು ಜರಾ ನಿಧಾನ ಆಗೋದು ಹೆಂಗ? ಮಾಡಿ ನೋಡಿದವರು ಹೇಳ್ರಿ. ಓದಿ ಹೇಳೋರು ಭಾಳ ಮಂದಿ ಸಿಕ್ಕಾರ.


ಬಿಸಿಲ್ಗುದುರಿ, ಕಲಬುರಗಿ

ಮುನೀಮ ಕಾಕಾ, ನಮ್ಮ ಕಡಿ ನಿಧಾನ ಆಗ್ಲಿಕ್ಕೆ ಸರ್ಕಾರದ ಆದೇಶನೇ ಅದಲ್ರಿ! ಕಲಬುರಗಿ ವಿಭಾಗದಾಗ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಆಫೀಸ್ ಮುಂಜಾನಿ 8ರಿಂದ ಮಧ್ಯಾಹ್ನ 1.30 ತನಕ. ನಾ ಅಂಥದೇ ಒಂದು ಆಫೀಸಿನಾಗ ಕುಂತಾವ. ಒಂದೂವರಿ ಮ್ಯಾಲೆ ನಾವೇನು ಮಾಡ್ತೀವಿ ಗೊತ್ತೇನ್ರಿ? ಉಂಡು, ಕೂಲರ್ ಮುಂದ ಅಡ್ಡಾಗಿ, ಐದರ ತನಕ ರೀಲ್ಸ್. ಸಂಜಿಗೆ ಎದ್ರ ದಿನಾ ಪೂರ್ತಿ ದುಡಿದವನಕಿಂತ ಜಾಸ್ತಿ ದಣಿದಿರ್ತೀನಿ.

ಅದಕ್ಕ ಟೈಮ್ ಸಿಗೋದು ಬ್ಯಾರೆ, ನಿಮಗ ಬೇಕಾಗಿದ್ದು ಬ್ಯಾರೆ ಅನಸ್ತದ. ನನ್ನ ಕಡಿಂದ ಒಂದೇ ಉಪಾಯ: ರೇಟಿನ ವಾಟ್ಸಾಪ್ ಗುಂಪುಗಳು ಎಷ್ಟವ ಅಷ್ಟೂ ಇವತ್ತೇ ಮ್ಯೂಟ್ ಮಾಡ್ರಿ. ಡಿಸೆಂಬರಿಗೆ ತಗೀರಿ. ಲಾತೂರ ಎಲ್ಲೂ ಹೋಗಂಗಿಲ್ಲ.


ಹಳೇ ಮಾಸ್ತರ, ಚಿತ್ತಾಪುರ

ಮುನೀಮರೇ, ನಾನು ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಸ್ವಲ್ಪ ಉದ್ದವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಆ ಹಸಿರು ಗುಡ್ಡದ ವಿಷಯ. ಈಗಿನ ಇಂಥ ಆ್ಯಪ್‌ಗಳಲ್ಲಿ ಎಷ್ಟೋ ಹೋಗಿ ನಿಲ್ಲುವುದು ಅಮೆರಿಕದ ಜಾನ್ ಕಬಾಟ್ ಜಿನ್ ಅವರ ಹತ್ತಿರ. 1979ರಲ್ಲಿ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಔಷಧದಿಂದ ಪೂರ್ತಿ ಗುಣವಾಗದ ನೋವುಳ್ಳವರಿಗಾಗಿ ಒಂದು ತರಬೇತಿ ಶುರು ಮಾಡಿದರು. ಇಂದು ಅದು 8 ವಾರಗಳ ಪಾಠವಾಗಿ ಊರೂರಿಗೆ ಹರಡಿದೆ. ಅದರ ಹೆಸರಾದ ಅಭ್ಯಾಸ ಯಾವುದು ಗೊತ್ತೆ? ಒಂದೇ ಒಂದು ಒಣದ್ರಾಕ್ಷಿ ತಿನ್ನುವುದು. ಅಂಗೈಮೇಲೆ ಇಟ್ಟು ನೋಡಬೇಕು, ಸುಕ್ಕು ಮುಟ್ಟಬೇಕು, ಮೂಸಬೇಕು, ನಾಲಿಗೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳಬೇಕು, ಆಮೇಲೆ ಅಗಿಯಬೇಕು. ಅಲ್ಲಿ ಇಲ್ಲದ ಮಳೆಯನ್ನು ನೆನೆಸಿಕೊಳ್ಳುವ ಕೆಲಸವೇ ಇಲ್ಲ. ಎದುರಿಗೆ ಏನಿದೆಯೋ ಅದು. ಹಾಗೆ ನೋಡಿದರೆ ನಿಮ್ಮ ಬೆನ್ನ ಮೇಲೆ ಹರಿಯುವ ಬೆವರೇ ಸಾಕು. ಎಲ್ಲಿಂದ ಇಳಿಯುತ್ತದೆ, ಗಾಳಿ ಬಂದಾಗ ಎಲ್ಲಿ ತಣ್ಣಗಾಗುತ್ತದೆ ಅಂತ ನೋಡುತ್ತ ಕೂತರೆ ಅದೂ ಅದೇ ಪಾಠ.

ಇದರ ಬೇರು ನಮ್ಮ ದೇಶದ್ದೇ. ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಸತಿಪಟ್ಠಾನ ಸುತ್ತದಲ್ಲಿ ನಡೆಯುವಾಗ, ನಿಲ್ಲುವಾಗ, ಕೂಡುವಾಗ, ಮಲಗುವಾಗ, ಉಣ್ಣುವಾಗ, ಕುಡಿಯುವಾಗ, ಅಗಿಯುವಾಗ ಏನು ಮಾಡುತ್ತಿದ್ದೇನೆ ಎಂಬ ಅರಿವಿರಲಿ ಅಂತ ಭಿಕ್ಕುಗಳಿಗೆ ಹೇಳಿದೆ. ಆ ಪಟ್ಟಿಯಲ್ಲಿ ಮಲಮೂತ್ರ ವಿಸರ್ಜನೆಯೂ ಇದೆ. ಎಷ್ಟು ನೆಲಕ್ಕೆ ಹತ್ತಿದ ಮಾತು ನೋಡಿ.

ನೀವು ನಾಲ್ಕಕ್ಕೆ ಏಳಿ ಅನ್ನಬೇಡಿ ಅಂದಿದ್ದೀರಿ. ನಾನು ಗೋಯೆಂಕಾ ಗುರುಗಳ ಪರಂಪರೆಯ 10 ದಿನದ ವಿಪಶ್ಶನಾ ಧ್ಯಾನ ಶಿಬಿರಕ್ಕೆ ಹೋಗಿಬಂದವನು. ಅಲ್ಲಿ ನಾಲ್ಕಕ್ಕೇ ಗಂಟೆ. ಮಾತಿಲ್ಲ, ಫೋನಿಲ್ಲ, ಪುಸ್ತಕ ಪೆನ್ನು ಸಹ ಇಲ್ಲ. ಹನ್ನೊಂದಕ್ಕೆ ಊಟ, ಹೊಸಬರಿಗೆ ಸಂಜೆ ಒಂದಿಷ್ಟು ಹಣ್ಣು, ಚಹಾ. ಮೊದಲ ಮೂರು ದಿನವಂತೂ ಮೂಗಿನ ಹೊಳ್ಳೆ, ಮೇಲ್ದುಟಿ, ಉಸಿರು ಇಷ್ಟೇ ಪ್ರಪಂಚ. ಶುಲ್ಕ ಇಲ್ಲ, ಶಿಬಿರ ಮುಗಿಸಿದವರು ಮನಸ್ಸಿದ್ದಷ್ಟು ದಾನ ಕೊಡುತ್ತಾರೆ. ನನಗೆ ಒಳ್ಳೆಯದಾಯಿತು. ಆದರೂ ನಿಮಗೆ ಈಗ ಹೋಗಿ ಅನ್ನಲಾರೆ. ಹತ್ತು ದಿನ ಲೆಕ್ಕದ ಪುಸ್ತಕ ಬಿಟ್ಟ ಮುನೀಮ ಹನ್ನೊಂದನೆಯ ದಿನ ದುಪ್ಪಟ್ಟು ಓಡುತ್ತಾನೆ.

ಅದರ ಬದಲು ಸನ್ನತಿಗೆ ಬನ್ನಿ. ನಮ್ಮ ತಾಲ್ಲೂಕಿನಲ್ಲೇ ಇದೆ, ಭೀಮಾ ದಂಡೆ, ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಹೋಗಬಹುದು. ಮಗ್ಗುಲ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದು ತೆಗೆದ ಸ್ತೂಪ ಇದೆ. ಅಶೋಕ ಚಕ್ರವರ್ತಿಯ ಆಕೃತಿ, ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರು, ಎರಡೂ ಒಂದೇ ಕಲ್ಲಿನಲ್ಲಿ ಸಿಕ್ಕ ಜಾಗ ಅದು. ಎಷ್ಟೋ ಚಪ್ಪಡಿಗಳಲ್ಲಿ ಬುದ್ಧನ ಮೂರ್ತಿ ಇರುವುದಿಲ್ಲ; ಖಾಲಿ ಆಸನ, ಬೋಧಿ ಮರ, ಚಕ್ರ ಇಷ್ಟೇ, ಸುತ್ತ ಕೈಮುಗಿದ ಜನ. ಬಂದವರು ಎಲ್ಲವನ್ನೂ ನೋಡಿ, ಫೋಟೊ ಹೊಡೆದು, ಕಾರು ಹತ್ತುತ್ತಾರೆ. ನೀವು ಒಂದೇ ಒಂದು ಕಲ್ಲು ಆರಿಸಿಕೊಂಡು ಅದರ ಮುಂದೆ ಅರ್ಧ ತಾಸು ನಿಲ್ಲಿ. ಮೊದಲ ಹತ್ತು ನಿಮಿಷ ಕಾಲು ಹೊರಡು ಅನ್ನುತ್ತದೆ. ಆಮೇಲೆ ಆ ಜನರ ಕಿವಿಯ ಓಲೆ, ತಲೆಯ ಮುಂಡಾಸು ಬೇರೆ ಬೇರೆ ಕಾಣಲು ಶುರುವಾಗುತ್ತವೆ.


ನೈಟ್ ಡ್ಯೂಟಿ, ಯಾದಗಿರಿ

ನಾನು ನರ್ಸ್. ಉದ್ದ ಬರೆಯೋಕೆ ಟೈಮಿಲ್ಲ, ಒಂದೇ ಮಾತು. ಅಂಕಲ್, ನೀವು ಹೇಳಿದ್ದು ಬರೀ ಗಡಿಬಿಡಿ ಆಗಿದ್ರೆ ಮೇಲಿನವರು ಹೇಳಿದ್ದೆಲ್ಲಾ ಮಾಡಿ ನೋಡ್ರಿ. ಆದ್ರೆ ರಾತ್ರಿ ನಿದ್ದೆ ಹತ್ತದೇ ಇದ್ರೆ, ಸುಮ್ಮನೆ ಕುಂತಾಗಲೂ ಎದೆ ಹೊಡ್ಕೊಂಡ್ರೆ, ಕಾರಣ ಇಲ್ದೆ ಏನೋ ಕೆಟ್ಟದ್ದು ಆಗ್ತದ ಅನ್ನೋ ಹೆದರಿಕೆ ಬಿಡದೇ ಇದ್ರೆ, ಅದಕ್ಕೆ ಕಣ್ಣು ಮುಚ್ಚಿ ಕೂಡೋದಷ್ಟೇ ಸಾಲಲ್ಲ. ಡಾಕ್ಟರಿಗೆ ತೋರಿಸ್ಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರಿಂದ ನಡೀತಿದೆ, 14416, ದುಡ್ಡಿಲ್ಲ, ಕನ್ನಡದಾಗೇ ಮಾತಾಡ್ತಾರೆ, ರಾತ್ರಿನೂ ಎತ್ತುತಾರೆ. ಕೆಲವರಿಗೆ ಕಣ್ಣು ಮುಚ್ಚಿ ಉಸಿರು ನೋಡಿದ್ರೆ ಹೆದರಿಕೆ ಜಾಸ್ತಿ ಆಗೋದೂ ಉಂಟು. ಹಂಗಾದ್ರೆ ಹಠ ಮಾಡಬ್ಯಾಡ್ರಿ, ಕಣ್ಣು ತೆರೆದು ಎದ್ದು ನಡೀರಿ.


ತಾರಕಶಿ, ಬೀದರ

ಮುನೀಮ ಸಾಬ್, ಸಲಾಂ. ನಾ ಬಿದರಿ ಕೆಲಸದಾವ, ಅಜ್ಜನ ಕಾಲದಿಂದ ಇದೇ ನಮ್ಮ ಹೊಟ್ಟಿ. ನಮ್ಮ ಕಾರಖಾನಾಕ್ಕ ಹೊರಗಿನ ಮಂದಿ ಬಂದ್ರ ಒಂದೇ ಮಾತು: ಎಷ್ಟು ಶಾಂತ ಅದರಿ ನಿಮ್ಮ ಕೆಲಸ, ದಿನಾ ಪೂರ್ತಿ ಧ್ಯಾನ ಮಾಡಿದಂಗ. ದಿನಾ ಪೂರ್ತಿ ಇಲ್ರಿ. ಅದನ್ನೇ ಹೇಳ್ಬೇಕಂತ ಬರಿಲತ್ತೀನಿ.

ಸತು 16 ಪಾಲು, ತಾಮ್ರ 1 ಪಾಲು ಕರಗಿಸಿ ಉಸುಕಿನ ಅಚ್ಚಿನಾಗ ಹೊಯ್ತೀವಿ. ಅರ ಹಾಕಿ ನುಣುಪು ಮಾಡ್ತೀವಿ. ಇಲ್ಲಿ ತನಕ ನಾವು ಬಾಯಿ ಮುಚ್ಚಂಗಿಲ್ಲ. ಮೊಬೈಲಿನಾಗ ಹಾಡು ಹಚ್ಚಿರ್ತೀವಿ, ಮನಿ ಜಗಳ, ಓಣಿ ಸುದ್ದಿ ಎಲ್ಲಾ ಅಲ್ಲೇ. ಕೈ ತನ್ನ ಪಾಡಿಗೆ ತಾ ಓಡ್ತದ. ಆಮ್ಯಾಲೆ ಮೈಲುತುತ್ತದ ನೀರು ಒರಸಿದ್ರ ಸಾಮಾನು ಕಪ್ಪಾಗ್ತದ, ಅದರ ಮ್ಯಾಲೆ ಚೂಪು ಮೊನಿಯಿಂದ ಬಳ್ಳಿ, ಹೂವು ಬಿಡಸ್ತೀವಿ. ಕಪ್ಪಿನ ಮ್ಯಾಲೆ ಗೀಟು ಬೆಳ್ಳಗ ಕಾಣ್ತದ. ಕೆಳಗ ಕಾಗದ ಇಲ್ಲ, ಅಳಸ್ಲಿಕ್ಕೆ ರಬ್ಬರ್ ಇಲ್ಲ. ಆ ಗೀಟಿನ ಮ್ಯಾಲೆ ಉಳಿ ಓಡೋ ಹೊತ್ತಿಗೆ ಹಾಡು ತಾನೇ ಬಂದ್ ಆಗಿರ್ತದ. ಯಾರು ಬಂದ್ ಮಾಡಿದ್ರು ಕೇಳಿದ್ರ ಯಾರಿಗೂ ಗೊತ್ತಿರಂಗಿಲ್ಲ. ಬೆಳ್ಳಿ ತಂತಿ ಬಡದು ಕೂಡಸೋ ಮುಂದ ಮತ್ತ ಒಂದೊಂದು ಮಾತು ಶುರು.

ಇನ್ನೊಂದು ಜಾಗ ಅದ. ಕಟ್ಟಕಡಿಗೆ ಕಪ್ಪು ಬಣ್ಣ ಬರ್ಲಿಕ್ಕೆ ಕೋಟಿ (ಕಿಲ್ಲಾ) ಮಣ್ಣು ಬೇಕು. ಹಳೇ ಗ್ವಾಡಿ ಒಳಗ, ಬಿಸಿಲು ಮಳಿ ತಾಗದ ಕಡಿ ಸಿಗೋ ಮಣ್ಣು. ನವಸಾಗರ ಕೂಡಿಸಿ ನೀರಾಗ ಕಲಸಿ, ಕಾಯಿಸಿದ ಸಾಮಾನಿಗೆ ಹಚ್ಚಿದ್ರ ಸತುವಿನ ಮೈ ಕರ್ರಗ ಆಗ್ತದ, ಬೆಳ್ಳಿಗೆ ಏನೂ ಆಗಂಗಿಲ್ಲ. ಅದೇ ನಮ್ಮ ಬಿದರಿ. ಯಾವ ಮಣ್ಣು ಕೆಲಸಕ್ಕ ಬರ್ತದ, ಯಾವುದು ಬರಲ್ಲ? ನಾಲಿಗಿ ಮ್ಯಾಲೆ ಚಿಟಿಕಿ ಇಟ್ಟು ನೋಡ್ತೀವಿ. ಆ ಹೊತ್ತಿನಾಗ ಬಾಯಾಗ ಎಲಿ ಅಡಕಿ ಇರಬಾರದು. ತಲ್ಯಾಗೂ ಏನೂ ಇರಬಾರದು.

ಹಂಗಂತ ಚಾ ಕುಡಿಯೋ ಮುಂದ, ಸ್ಕೂಟರ್ ಹೊಡಿಯೋ ಮುಂದ, ಎಲ್ಲಾ ಕಡಿ ಇಷ್ಟೇ ಎಚ್ಚರ ಇಡ್ತೀನಿ ಅಂದ್ರ ಸಂಜಿ ತನಕ ಮನಷ್ಯಾ ಉಳಿಯಂಗಿಲ್ಲ. ಮಾಸ್ತರ ಸಾಬರು ಹೇಳಿದ ಪಟ್ಟಿ ಭಿಕ್ಕುಗಳಿಗೆ ಆಯ್ತು, ಅವರಿಗೆ ಇಎಮ್‌ಐ ಇರಂಗಿಲ್ಲ. ನಿಮ್ಮ ದಿನದಾಗ ಉಳಿ ಓಡೋ ಜಾಗ ಯಾವುದು ಅಂತ ಹುಡುಕ್ರಿ. ಗಂಜಿನಾಗ ತಲಿ ಬೆಳ್ಳಗ ಮಾಡ್ಕೊಂಡವರು ನೀವು, ಮಾಲಿಗೆ ಕೈ ಹಾಕಿ ಮಾಡೋ ಕೆಲಸ ಒಂದಾದ್ರೂ ಇದ್ದೇ ಇರ್ತದ. ಉಳಿದ ಹೊತ್ತು ಓಡ್ರಿ, ಹಾಡು ಕೇಳ್ರಿ, ಏನಾಗಂಗಿಲ್ಲ.

ಜರಾ ಕಹಿ ಮಾತು ಒಂದು. 2023ರಾಗ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಸಾಬರಿಗೆ ಪದ್ಮಶ್ರೀ ಬಂತು, ಇಡೀ ಬೀದರಿಗೆ ಖುಷಿ. ಆದ್ರ ಒಂದು ಹೂಜಿಗೆ ವಾರಗಟ್ಟಲೆ ಹಿಡೀತದ ಅಂದ್ರ ಗಿರಾಕಿ ವಾಹ್ ಅಂತಾನ, ರೇಟ್ ಹೇಳಿದ್ರ ಇಷ್ಟಾ ಅಂತಾನ. ಕಣ್ಣು ನೋಯ್ತಾವ, ಸೊಂಟ ಹಿಡೀತದ. ನಿಧಾನ ಕೆಲಸ ಛಂದ ಅಂತ ಹೇಳೋರು ನಿಧಾನ ಕೆಲಸಕ್ಕ ರೊಕ್ಕ ಕೊಡೋ ಮುಂದ ಭಾಳ ಗಡಿಬಿಡ್ಯಾಗಿರ್ತಾರ.


ರೊಟ್ಟಿ ಬಡಿಯಾಕಿ, ಕಲಬುರಗಿ

ಮುನೀಮ ಕಾಕಾ, ನಿಮ್ಮದು ಎರಡು ಸಲ ಓದಿದೆ. "ಊಟಕ್ಕ ಕುಂತ್ರ ತಾಟು ಬರ್ತದ, ಖಾಲಿ ಆಗ್ತದ" ಅಂತ ಬರ್ದೀರಿ. ತಾಟು ಕಾಲಿಲೆ ನಡಕೋತ ಬರ್ತದೇನ್ರಿ?

ಸಿಟ್ಟು ಮಾಡ್ಕೋಬ್ಯಾಡ್ರಿ. ನಾ ಮದುವಿ, ಹಾಸ್ಟೆಲ್, ಖಾನಾವಳಿಗೆ ರೊಟ್ಟಿ ಮಾಡಿ ಕೊಡಾಕಿ. ನಮ್ಮ ಮನ್ಯಾಗ ನನ್ನ ಜೋಡಿ ಮೂರ್ನಾಕು ಮಂದಿ ಹೆಣ್ಣಮಕ್ಕಳು ಬಡೀತಾರ. ನಿಧಾನ, ಶಾಂತಿ, ಅರಿವು ಅಂತ ಗಂಡಸರು ಮಾತಾಡೋದು ಕೇಳಿದಾಗೆಲ್ಲಾ ನನಗ ಒಂದೇ ಲೆಕ್ಕ ಬರ್ತದ: ಮನ್ಯಾಗ ಒಬ್ಬರು ನಿಧಾನ ಆದ್ರಂದ್ರ ಇನ್ನೊಬ್ಬರು ಜೋರು ಆಗ್ಯಾರ ಅಂತ ಅರ್ಥ. ಕಾಕಾ ಅರ್ಧ ತಾಸು ಸುಮ್ಮನೆ ಕೂಡ್ತಾರ, ಆ ಅರ್ಧ ತಾಸಿನಾಗ ಬಾಗಲಿಗೆ ಬಂದವರನ್ನ ಯಾರು ಮಾತಾಡಸ್ತಾರ, ಹಾಲು ಉಕ್ಕಿದ್ರ ಯಾರು ಓಡ್ತಾರ?

ತಾರಕಶಿ ಅಣ್ಣ ಹೇಳಿದ್ದು ನೂರಕ್ಕ ನೂರು ಖರೇ. ನಮ್ಮ ಕೆಲಸದಾಗೂ ಹಂಗೇ. ಜ್ವಾಳದ ಹಿಟ್ಟಿಗೆ ಗೋಧಿಯಂಗ ಜಿಗಿ ಇರಂಗಿಲ್ಲ. ಕುದಿಯೋ ನೀರು ಹಾಕಿ ಕಲಸಿ, ಬಿಸಿ ಇರೋದ್ರಾಗ ನಾದಿ, ಕೂಡ್ಲೆ ಬಡೀಬೇಕು. ಇಟ್ಟು ಮರತ್ರ ಅಂಚು ಸೀಳ್ತದ. ಹಂಚಿಗೆ ಹಾಕಿ ಮ್ಯಾಲೆ ನೀರಿನ ಅರಬಿ ಎಳೀಬೇಕು. ಬೇಗ ಎಳದ್ರ ಹಸಿ, ತಡಾ ಆದ್ರ ಸುಕ್ಕು. ಅಷ್ಟು ಹೊತ್ತಿನಾಗ ಯಾರೂ ಮಾತಾಡಂಗಿಲ್ಲ. ಉಬ್ಬಿ ಬಂತಂದ್ರ ಮತ್ತ ಅತ್ತಿ ಸುದ್ದಿ. ಆದ್ರ ಇದರಾಗ ಧ್ಯಾನ ಅದ ಅಂತ ಯಾರಾದ್ರೂ ಅಂದ್ರ, ಮೇ ತಿಂಗಳ ಮಧ್ಯಾಹ್ನ ಬರ್ಲಿ, ಒಲಿ ಮುಂದ ಮಣಿ ಹಾಕಿ ಕೂಡಸ್ತೀನಿ.

ನಿಮಗ ನನ್ನ ಸಲಹೆ ಏನಂದ್ರ, ಹೊಸಾದು ಏನೂ ಹಚ್ಕೋಬ್ಯಾಡ್ರಿ. ಮನ್ಯಾಗ ಈಗಾಗ್ಲೇ ನಡದಿರೋ ಒಂದು ನಿಧಾನ ಕೆಲಸ ಕಾಕು ಕೈಲಿಂದ ಇಸ್ಕೋರಿ. ಜ್ವಾಳ ಹಸನು ಮಾಡೋದು ಇಸ್ಕೋರಿ. ನೆಲದ ಮ್ಯಾಲೆ ಕುಂತು, ಮೊರದಾಗ ಒಂದು ಸೇರು ಹಾಕ್ಕೊಂಡು ಕೇರಬೇಕು, ಹೊಟ್ಟು ಮುಂದ ಹಾರ್ತದ, ಕಾಳು ಹಿಂದ ಉಳೀತದ, ಆಮ್ಯಾಲೆ ಬೆರಳಿಲೆ ಸರಿಸಿ ಹರಳು ಆರಸಬೇಕು. ಕಣ್ಣು ಅಲ್ಲೇ ಇರಬೇಕು. ಒಂದು ಹರಳು ಉಳೀತಂದ್ರ ರಾತ್ರಿ ಯಾರದೋ ಹಲ್ಲಿಗೆ ಸಿಗ್ತದ, ಅದಕ್ಕ ಫೋನ್ ನೋಡ್ಲಿಕ್ಕೆ ಬರಂಗೇ ಇಲ್ಲ. ಮಾಲ್ದಂಡಿ ಜ್ವಾಳ ಆದ್ರ ಕಾಳು ಬೆಳ್ಳಗ ದಪ್ಪ ಇರ್ತದ, ಹೊಸಬರಿಗೆ ಕಣ್ಣಿಗೆ ಸಸಾರ. ಇದರಾಗ ಎರಡು ಲಾಭ. ನಿಮಗ ಬೇಕಾಗಿದ್ದು ನಿಮಗ ಸಿಗ್ತದ, ಕಾಕುಗ ಆ ಹೊತ್ತು ಕಾಲು ಚಾಚಲಿಕ್ಕೆ ಆಗ್ತದ. ಆಕೆಗೇ ಕೇಳ್ರಿ, ಯಾವ ಕೆಲಸ ಕೊಡ್ತಿ ಅಂತ. ನಾ ಹೇಳಿದ್ದೇ ಆಗಬೇಕಂತಿಲ್ಲ.

ಊಟದ ರುಚಿ ಗೊತ್ತಾಗಲ್ಲ ಅಂದಿದ್ದಕ್ಕ ಬ್ಯಾರೆ ಔಷಧ ಬ್ಯಾಡ. ಜ್ವಾಳ ಹಸನು ಮಾಡಿದವರಿಗೆ ಆ ರೊಟ್ಟಿ ಗೊತ್ತಾಗದೇ ಇರಂಗಿಲ್ಲ.


ಬಿಸಿಲ್ಗುದುರಿ, ಕಲಬುರಗಿ

ಅಕ್ಕಾ, ನಮ್ಮ ಮನ್ಯಾಕಿ ಇದನ್ನ ಓದಬಾರದಾಗಿತ್ತು. ಓದ್ಯಾಳ. ನನಗ ಈಗ ಮಧ್ಯಾಹ್ನದ ಭಾಂಡೆ ಡ್ಯೂಟಿ ಬಿದ್ದದ.


ಗಂಜ್ ಮುನೀಮ, ಕಲಬುರಗಿ

ಎಲ್ಲರಿಗೂ ಶರಣು. ಇಷ್ಟು ಮಂದಿ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ.

ಮಾಸ್ತರೇ, ಸನ್ನತಿಗೆ ಬರ್ತೀನಿ, ಆದ್ರ ಈ ಬಿಸಿಲಾಗ ಬ್ಯಾಡ. ಮಳಿಗಾಲ ಕಳೀಲಿ. ಅಲ್ಲಿ ಚಂದ್ರಲಾ ಪರಮೇಶ್ವರಿ ಗುಡಿಗೆ ಮೊದಲೇ ಹೋಗಿ ಬಂದೀನಿ, ನೀವು ಹೇಳಿದ ಕಲ್ಲು ನೋಡಿಲ್ಲ. ನರ್ಸ್ ಮೇಡಂ, ನಿದ್ದಿ ಛಲೋ ಹತ್ತತದ, ನಂಬರ್ ಬರ್ದಿಟ್ಟೀನಿ, ನಮ್ಮ ಅಂಗಡಿ ಹುಡುಗ ಒಬ್ಬನಿಗೆ ಕೊಡೋದದ.

ತಾರಕಶಿ ಸಾಬ್, ನೀವು ಬರ್ದಿದ್ದು ನನಗ ಗಂಜಿನ ಹಳೇ ಕಾಲ ನೆನಪು ಮಾಡ್ತು. ಮೊದಲ ತೊಗರಿ ಒಣಗ್ಯಾದೋ ಇಲ್ಲೋ ಅಂತ ಹಲ್ಲಿಲೆ ನೋಡ್ತಿದ್ವಿ. ಚೀಲದಾಗ ಮೊಳಕೈ ತನಕ ಕೈ ಇಳಿಸಿ, ತಳದ ಕಾಳು ತಗದು, ಒಂದು ಕಡಿಯೋದು. ಕಟ್ ಅಂತ ಸೀಳಿದ್ರ ಒಣ. ಮೆತ್ತಗ ಹೋತಂದ್ರ ಹಸಿ ಅದ, ಗೋದಾಮಿನಾಗ ಹುಳ ಬೀಳ್ತದ. ಚೀಲದ ಒಳಗ ಕೈಗೆ ತಣ್ಣಗ ಹತ್ತತದೋ ಬೆಚ್ಚಗ ಹತ್ತತದೋ ಅದೂ ನೋಡ್ತಿದ್ವಿ. ಸುತ್ತ ಸಂತಿ ಗದ್ಲ ಇರ್ತಿತ್ತು, ಆ ಒಂದು ಕಾಳು ಹಲ್ಲಾಗ ಇದ್ದಾಗ ಏನೂ ಕೇಳಸ್ತಿದ್ದಿಲ್ಲ. ಈಗ ಮಶೀನ್ ಬಂದದ, ಕಾಳು ಹಾಕಿದ್ರ ತೇವ ಎಷ್ಟದ ಅಂತ ನಂಬರ್ ತೋರಸ್ತದ. ಬೆಂಬಲ ಬೆಲಿಗೆ ಕೊಡಬೇಕಾದ್ರ 12 ಪರ್ಸೆಂಟಿನ ಒಳಗ ಇರಬೇಕು, ಅದಕ್ಕ ಮಶೀನೇ ಸೈ, ರೈತನ ಜೋಡಿ ಜಗಳಾನೂ ಇಲ್ಲ. ಮಶೀನ್ ತಪ್ಪು ಅನ್ನಲ್ಲ ನಾ. ಆದ್ರ ನನ್ನ ಉಳಿ ಓಡೋ ಜಾಗ ಅದೇ ಇತ್ತು, ಅದು ಹೋದ ಮ್ಯಾಲೆ ಬರೀ ಓಟ ಉಳೀತು ಅಂತ ನಿನ್ನೆ ರಾತ್ರಿ ತಿಳೀತು. ಬರೋ ಸೀಸನ್ನಿಗೆ ಮಶೀನ್ ಹಚ್ಚೋಕಿಂತ ಮೊದಲ ನಾ ಕಡಿದು ಒಂದು ನಂಬರ್ ಹೇಳ್ತೀನಿ, ಆಮ್ಯಾಲೆ ಮಶೀನ್ ಏನಂತದ ನೋಡೂಣು. ಹಮಾಲರು ಪಂದ್ಯ ಕಟ್ಟಿದ್ರೂ ಕಟ್ಟಬಹುದು.

ನಿಮ್ಮ ರೊಕ್ಕದ ಮಾತು ಮಾತ್ರ ನನಗ ಚುಚ್ಚಿತು, ಯಾಕಂದ್ರ ನಾವೂ ಹಂಗೇ. ಬ್ಯಾಳಿ ಮಾಡೋ ಮಿಲ್ಲಿನವರು ಕಲಬುರಗಿ ತೊಗರಿಗೆ 2019ರಾಗ ಜಿಐ, ಅಂದ್ರ ಈ ಊರಿನ ಮಾಲು ಅನ್ನೋ ಸರ್ಕಾರಿ ಗುರುತು, ಬಂತಂತ ಬೋರ್ಡ್ ಹಾಕ್ಯಾರ. ರುಚಿ ಚೊಲೊ, ಬ್ಯಾಗ ಬೇಯ್ತದ ಅಂತ ಹೊಗಳ್ತಾರ. ಬೆಳದವಗ ಅದರಾಗ ಎಷ್ಟು ಸಿಗ್ತದ ಅನ್ನೋದು ನಾ ಬರಿಯೋ ಪಟ್ಟಿಯೊಳಗೇ ಅದ. ಅದು ಬ್ಯಾರೆ ಪುರಾಣ, ಇಲ್ಲಿ ಬ್ಯಾಡ.

ತಂಗಿ ರೊಟ್ಟಿ ಬಡಿಯಾಕಿ, ನಿನ್ನ ಮಾತು ಮನ್ಯಾಕಿಗೆ ಓದಿ ಹೇಳ್ದೆ. ಆಕಿ ಪೈಲೇ ನಕ್ಕಳು. ಆಮ್ಯಾಲೆ, ಜ್ವಾಳ ಬ್ಯಾಡ, ಅದು ನನ್ನ ಫುರ್ಸತ್ತಿನ ಕೆಲಸ, ಅದನ್ಯಾಕ ನಿಮಗ ಕೊಡ್ಲಿ, ಮಗ್ಗಲ ಮನಿ ಹೆಣ್ಣಮಕ್ಕಳು ಬಂದು ಕುಂತಾಗ ಮಾಡ್ತೀನಿ, ನೀವು ನಳದ ನೀರು ತುಂಬ್ರಿ ಅಂದಳು. ನಮ್ಮ ಓಣ್ಯಾಗ ನಳ ದಿನಾ ಬರಂಗಿಲ್ಲ, ಬಂದ್ರ ಯಾವ ಹೊತ್ತಿಗೆ ಬರ್ತದ ಹೇಳ್ಲಿಕ್ಕೂ ಬರಂಗಿಲ್ಲ. ಸಿಂಟೆಕ್ಸ್, ಬ್ಯಾರಲ್, ಕೊಡ, ಕುಡಿಯೋ ನೀರಿಗೆ ಬ್ಯಾರೆ ಹಂಡೆ, ಅರಬಿ ಕಟ್ಟಿ ಸೋಸಬೇಕು. ಇಷ್ಟು ವರ್ಷ ಇದೆಲ್ಲಾ ಆಕಿ ಎಂಥಾ ಹೊತ್ತಿಗೆ ಎದ್ದು ಮಾಡ್ತಿದ್ದಳು ಅಂತ ನನಗ ಸಪ್ಪಳ ಸುದ್ದಾ ಗೊತ್ತಿದ್ದಿಲ್ಲ. ಹೂಂ ಅಂದೀನಿ. ನಾಕಕ್ಕ ಏಳ್ರಿ ಅನ್ನಬ್ಯಾಡ್ರಿ ಅಂದಿದ್ದೆ, ಈಗ ನಳ ಮೂರಕ್ಕ ಬಂದ್ರೂ ಏಳಬೇಕು.


ರೊಟ್ಟಿ ಬಡಿಯಾಕಿ, ಕಲಬುರಗಿ

ಕಾಕು ಶ್ಯಾಣ್ಯಾ ಇದ್ದಾರ. ಜ್ವಾಳ ನಾನೂ ಕೊಡ್ತಿದ್ದಿಲ್ಲ ಬಿಡ್ರಿ, ಸುಮ್ಮನೆ ಹೇಳಿದ್ದು.

ನೀರು ತುಂಬೋ ಮುಂದ ಎರಡು ಮಾತು ನೆನಪಿಡ್ರಿ. ನಳ ಬಂದ ಕೂಡ್ಲೆ ಮೊದಲಿನ ಎರಡು ಕೊಡ ಕೆಂಪು ನೀರು, ಅದನ್ನ ಅಂಗಳಕ್ಕ ಹೊಡೀರಿ. ಫೋನ್ ಒಳಗ ಇಟ್ಟು ಬರ್ರಿ. ನಮ್ಮ ಭಾವನ ಫೋನ್ ಲೈಟ್ ಹಿಡಿಲಿಕ್ಕೆ ಹೋಗಿ ಬ್ಯಾರಲ್ಲಿನಾಗ ಬಿದ್ದದ. ಅಕ್ಕಿಯೊಳಗ ಹುಗಿದಿಟ್ರೂ ಎದ್ದಿಲ್ಲ.